ಅಳಿಯ ತಂದ ಸೆಕೆಂಡ್‌ಹ್ಯಾಂಡ್ ಪ್ಯಾರಾಚೂಟು

ಬೀಡಿ ಕಟ್ಟುವವರಿಗೆ ಕೈಗೆ ಮಾತ್ರ ಕೆಲಸ, ಕಿವಿಯೂ ಬಾಯಿಯೂ ಖಾಲಿಯೇ ಇರ್ತದೆ. ಹಾಗಾಗಿ ನಮ್ಮ ಪುಂಜಾಲಕಟ್ಟೆಯಲ್ಲಿ ಯಾರ ಮನೆಯಲ್ಲಿ ಎಂತ ಆದರೂ ಅದು ಮೊದಲು ಬಂದು ಬೀಳುವುದು ನಮ್ಮ ಬೀಡಿ ಎಲೆಯ ತಡ್ಪೆಗೆ, ಅಂದರೆ ಮೊರಕ್ಕೆ. ಏನಾದರೊಂದು ಆಗುತ್ತಲೂ ಇರ್ತದೆ. ಆಗದ ವಾರದಲ್ಲಿ ನಾವೇ ಸ್ವಲ್ಪ ಸೇರಿಸಿಕೊಳ್ಳುವುದುಂಟು. ಆದರೆ ಈಗ ಹೇಳುವುದಕ್ಕೆ ನಾನು ಏನನ್ನೂ ಸೇರಿಸಿಲ್ಲ, ಸೇರಿಸಲಿಕ್ಕೆ ಜಾಗವೇ ಇಲ್ಲ. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಉಳಿದದ್ದೆಲ್ಲ ಕಲಿತದ್ದು ಬೇಲಿಯ ಆಚೆಯಿಂದ.

ಬೇಲಿಯ ಆಚೆ ಇರುವವಳು ನನ್ನ ನೆರೆಯವಳು. ಅವಳನ್ನು ಆಚೆಮನೆಯವಳು ಅಂತಲೇ ಕರೆಯುವ. ಅವಳಿಗೆ ಒಬ್ಬಳೇ ಮಗಳು, ಪೇಟೆಯ ಮೆಡಿಕಲ್ ಅಂಗಡಿಯಲ್ಲಿ ಕೆಲಸ. ಯಾವ ವಸ್ತು ಕೈಗೆ ಕೊಟ್ಟರೂ ಹಿಂದೆ ತಿರುಗಿಸಿ ತಾರೀಕು ನೋಡುವುದು ಅವಳ ಅಭ್ಯಾಸ. ನಾನು ಕೊಟ್ಟ ಹಪ್ಪಳವನ್ನೂ ತಿರುಗಿಸಿ ನೋಡಿದವಳು. ಅಳಿಯನ ಮನೆ ಮೂಡುಬಿದಿರೆ ಹತ್ತಿರದ ಮಿಜಾರಿನಲ್ಲಿ, ಕೆಲಸ ದುಬೈಯಲ್ಲಿ. ರಜೆಯಲ್ಲಿ ಬಂದರೆ ಇರುವುದು ಮಾತ್ರ ಅತ್ತೆಯ ಮನೆಯಲ್ಲಿ, ಯಾಕೆಂದರೆ ಇಲ್ಲಿ ಊಟ ಒಳ್ಳೆಯದು. ಅಲ್ಲಿ ಅವನು ಡ್ರೈವರ್. ವಿಮಾನದಿಂದ ಕೆಳಗೆ ಹಾರುವ ಜನರನ್ನು ಹಾರುವ ಜಾಗಕ್ಕೆ ಬಿಡುವುದು ಅವನ ಕೆಲಸ. ಬಿಟ್ಟು ಬಿಟ್ಟು, ನೋಡಿ ನೋಡಿ, ಕೊನೆಗೆ ತಾನೂ ಕಲಿತು ಸರ್ಟಿಫಿಕೇಟು ತೆಗೊಂಡ. ನಮ್ಮ ಊರಿನ ಬಸ್ಸಿನ ಡ್ರೈವರ್‌ಗಳಿಗೆ ಆ ಬುದ್ಧಿ ಬಾರದ್ದು ನಮ್ಮ ಪುಣ್ಯ.

ಮೊದಲಿನ ಓನರು

ಈ ಸಲ ರಜೆಗೆ ಬಂದವನು, ಫರಂಗಿಪೇಟೆಯಲ್ಲಿ ಒಬ್ಬರ ಹತ್ತಿರ ಹಳೆಯ ಪ್ಯಾರಾಚೂಟು ಮಾರಲಿಕ್ಕೆ ಉಂಟು, ನೋಡಿ ಬರುವ ಅಂತ ಹೊರಟ. ಹೆಂಡತಿ ಐದು ತಿಂಗಳ ಬಸುರಿ. ಅವಳು ತಾನೂ ಬರ್ತೇನೆ ಅಂದಳು. ಮಗಳು ಹೋದರೆ ತಾಯಿ ಹೋಗಬೇಕು. ತಾಯಿ ಹೋದರೆ ಕಾರಿನಲ್ಲಿ ಒಂದು ಸೀಟು ಖಾಲಿ ಉಳಿಯುತ್ತದೆ. ಖಾಲಿ ಸೀಟು ನೋಡಿದರೆ ನನಗೆ ಆಗುವುದಿಲ್ಲ.

ಮಾರುವವರು ಮೊದಲು ಗಲ್ಫಿನಲ್ಲಿ ವ್ಯಾಪಾರದಲ್ಲಿದ್ದ ಸಾಹೇಬರು. ಮನೆಯ ಎದುರಿಗೇ ದೊಡ್ಡ ಮಾವಿನ ಮರ, ಕಾರು ನಿಲ್ಲಿಸಿದ್ದು ಅದರ ಅಡಿಯಲ್ಲಿಯೇ. ಅವರು ಬೆನ್ನಿಗೆ ಹಾಕುವ ಒಂದು ಚೀಲ ತಂದು ಮೇಜಿನ ಮೇಲೆ ಇಟ್ಟು ವಿವರಿಸಿದರು. ಒಳಗೆ ಎರಡು ಕೊಡೆ ಉಂಟಂತೆ. ದೊಡ್ಡದು ಬಿಡಿಸಿಕೊಳ್ಳದಿದ್ದರೆ ಇನ್ನೊಂದು. ಆ ಇನ್ನೊಂದು ಮೇಲಿನ ಅರೆಯಲ್ಲಿ. ಅದನ್ನು ನಾವು ನೀವು ಬಿಚ್ಚುವ ಹಾಗಿಲ್ಲ. ಅದಕ್ಕೆಂದೇ ಕಲಿತವನು ಬಿಚ್ಚಿ, ಪರೀಕ್ಷೆ ಮಾಡಿ, ಮಡಚಿ, ಕೆಂಪು ನೂಲು ಕಟ್ಟಿ, ಸೀಸದ ಸೀಲು ಒತ್ತಿ ಕೊಡಬೇಕು. ಬಳಸದಿದ್ದರೂ ಸಹ ಆರು ತಿಂಗಳಿಗೊಮ್ಮೆ ಹಾಗೆ ಮಾಡಿಸಲಿಕ್ಕುಂಟು. ಹಾರಿದವನಿಗೆ ತಲೆ ತಿರುಗಿ ಯಾವ ಹಿಡಿಯನ್ನೂ ಎಳೆಯಲಿಕ್ಕೆ ಆಗದಿದ್ದರೆ, ಆ ಎರಡನೆಯದನ್ನು ತಾನೇ ಬಿಡಿಸುವ ಒಂದು ಸಣ್ಣ ಪೆಟ್ಟಿಗೆಯೂ ಚೀಲದ ಬದಿಯಲ್ಲಿ ಉಂಟು. ನಮ್ಮ ಕಡೆ ಗಂಡಸರು ತಲೆ ತಿರುಗಿ ಬಿದ್ದರೆ ಅಂಥ ಪೆಟ್ಟಿಗೆ ಇಲ್ಲ, ಹೆಂಡತಿಯೇ ಹೋಗಿ ಎಳೆದುಕೊಂಡು ಬರಬೇಕು.

ಮಗಳು ಆ ಪೆಟ್ಟಿಗೆಯನ್ನು ತಿರುಗಿಸಿದಳು. ತಾರೀಕು ಮುಗಿದಿತ್ತು.

"ಇನ್ನೂ ಓಡ್ತದೆ ಅದು" ಅಂದರು ಸಾಹೇಬರು.

"ತಾರೀಕು ಮುಗಿದ ಮಾತ್ರೆಗೂ ಎಲ್ಲರೂ ಹಾಗೆಯೇ ಹೇಳುವುದು" ಅಂದಳು ಅವಳು. ಅಳಿಯ, ಪೆಟ್ಟಿಗೆ ದುಬೈಯಲ್ಲಿ ಹೊಸದು ಹಾಕಿಸ್ತೇನೆ ಅಂತ ಒಪ್ಪಿದ.

ಒಳಗಿನಿಂದ ಸಾಹೇಬರ ಉಮ್ಮ, ಅಂದರೆ ಅವರ ತಾಯಿ, ಸುಲೈಮಾನಿ ಚಹಾ ತಂದರು. ನನಗಿಂತಲೂ ವಯಸ್ಸಾದವರು. ಚೀಲವನ್ನು ಒಮ್ಮೆ ನೋಡಿ, "ಮೋನೇ, ಅದರ ಮೇಲಿನ ಅರೆಯಲ್ಲಿ..." ಅಂತ ಮಗನ ಹತ್ತಿರ ಏನೋ ಹೇಳಲಿಕ್ಕೆ ಶುರುಮಾಡಿದರು. ಸಾಹೇಬರು, "ಉಮ್ಮಾ, ಇದೆಲ್ಲ ನಿಮಗೆ ಗೊತ್ತಾಗುವುದಿಲ್ಲ" ಅಂದರು. ಉಮ್ಮ ಲೋಟ ಇಟ್ಟು ಒಳಗೆ ಹೋದರು. ಮಾತು ಅರ್ಧಕ್ಕೆ ನಿಂತರೆ ನನಗೆ ಹೊಟ್ಟೆನೋವು ಬರ್ತದೆ, ಆದರೆ ಬೇರೆಯವರ ಮನೆ, ಎಂತ ಮಾಡುವುದು.

ಆಚೆಮನೆಯವಳು ಸ್ಕೂಟರ್ ತೆಗೊಳ್ಳುವವಳ ಹಾಗೆ, ಇದು ಎಷ್ಟು ಓಡಿದೆ ಅಂತ ಕೇಳಿದಳು. ಶುಕ್ರವಾರ ಮಾತ್ರ ಹಾರುತ್ತಿದ್ದದ್ದು, ಸಿಂಗಲ್ ಓನರ್, ಬೇರೆಯವರ ಕೈಗೆ ಕೊಟ್ಟದ್ದೇ ಇಲ್ಲ ಅಂದರು ಸಾಹೇಬರು. ಓನರು ಕಣ್ಣೆದುರಿಗೆ ಜೀವಂತ ಇದ್ದಾರಲ್ಲ, ಅದಕ್ಕಿಂತ ದೊಡ್ಡ ಗ್ಯಾರಂಟಿ ಯಾವುದು ಅಂತ ನಾನು ಹೇಳಿದೆ. ಅಷ್ಟರಲ್ಲಿ ಅವರು ಏಳಲಿಕ್ಕೆ ಹೋಗಿ ಕುಂಟಿದರು. ನಾವು ನಾಲ್ಕು ಜನವೂ ಆ ಕಾಲನ್ನೇ ನೋಡಿದೆವು.

"ಇದರಲ್ಲಿ ಹಾರುವಾಗ ಆದದ್ದಾ?" ನಾನೇ ಕೇಳಿದೆ. ಯಾರಾದರೂ ಕೇಳಬೇಕಲ್ಲ.

"ಛೆ ಛೆ. ಅಷ್ಟು ಸಲ ವಿಮಾನದಿಂದ ಹಾರಿ ಒಂದು ಗೀರು ಆಗಲಿಲ್ಲ. ಇದು ಬಚ್ಚಲಲ್ಲಿ ಜಾರಿದ್ದು."

ಗಂಜಿ

ಚೀಲ ಮನೆಗೆ ಬಂತು. ಮಾತು ಆದದ್ದು ಹೀಗೆ: ತೆಗೊಂಡು ಹೋಗಿ ಕಲಿತವನ ಹತ್ತಿರ ಬಿಚ್ಚಿಸಿ ನೋಡಿ, ಅವನು ಸರಿ ಅಂದರೆ ವ್ಯಾಪಾರ, ಇಲ್ಲದಿದ್ದರೆ ವಾಪಸು. ಇದು ಮಗಳ ಹಠ. ಗಂಡನ ಹತ್ತಿರ ಅವಳು ನನ್ನೆದುರಿಗೇ ಹೇಳಿದ್ದು, "ಹಾರಬೇಡಿ ಅಂತ ನಾನು ಹೇಳುವುದಿಲ್ಲ. ಹೇಳಿದರೆ ಕದ್ದು ಹಾರ್ತೀರಿ. ಆದರೆ ನೋಡುವವನು ನೋಡದೆ ಇದನ್ನು ಬೆನ್ನಿಗೆ ಹಾಕಬಾರದು. ಹುಟ್ಟುವ ಮಗುವಿಗೆ ನಾನು ಫೋಟೋ ತೋರಿಸಿ ಅಪ್ಪ ಅಂತ ಹೇಳ್ಲಿಕ್ಕೆ ತಯಾರಿಲ್ಲ."

ಅಳಿಯ ಕೆಳಗಿನ ಅರೆಯಿಂದ ದೊಡ್ಡ ಕೊಡೆಯನ್ನು ಹೊರಗೆ ತೆಗೆದ. ಅದನ್ನು ಅವನೇ ಬಿಚ್ಚಬಹುದಂತೆ. ನೀಲಿ, ಕಿತ್ತಳೆ ಬಣ್ಣದ ಬಟ್ಟೆ, ಅಂಗಳ ತುಂಬುವಷ್ಟು. ಮಳೆಗಾಲ ಪೂರ್ತಿ ಕಪಾಟಿನಲ್ಲಿ ಇದ್ದದ್ದಕ್ಕೆ ಬೂಸಲು ವಾಸನೆ. ಗಾಳಿಗೆ ಇಡಬೇಕು ಅಂತ ಹೇಳಿ, ಅದನ್ನು ಜಗಲಿಯಲ್ಲಿಯೇ ಬಿಟ್ಟು, ಅವನು ಯಾರದ್ದೋ ಮದುವೆಗೆ ಮೂಡುಬಿದಿರೆಗೆ ಹೋದ. ಹೆಂಡತಿಯನ್ನೂ ಕರೆದುಕೊಂಡು ಹೋದ.

ಆಚೆಮನೆಯವಳಿಗೆ ಬೂಸಲು ಅಂದರೆ ಆಗುವುದಿಲ್ಲ. ಅಳಿಯ ಬರುವುದರೊಳಗೆ ಒಳ್ಳೆಯದು ಮಾಡಿ ಇಡುವ ಅಂತ ಅವಳು ಆ ಬಟ್ಟೆಯನ್ನು ಬಾವಿಕಟ್ಟೆಗೆ ಎಳೆದುಕೊಂಡು ಹೋಗಿ, ಸೋಪಿನ ಪುಡಿ ಹಾಕಿ ತುಳಿದು ಒಗೆದಳು. ನಾನು ಬೇಲಿಯ ಹತ್ತಿರ ನಿಂತು ನೋಡ್ತಾ ಇದ್ದೆ. ಬೇಡ ಅನ್ನಲಿಕ್ಕೆ ನನಗೆ ತಾನೇ ಎಂತ ಗೊತ್ತು? ಅಷ್ಟು ಮಾಡಿ ಬಿಟ್ಟಿದ್ದರೆ ಆಗ್ತಿತ್ತು. ಒಗೆದ ಬಟ್ಟೆ ಬಾಳೆ ಎಲೆ ಬಾಡಿದ ಹಾಗೆ ಮೆತ್ತಗಾಗಿದೆ, ಇದು ಗಾಳಿಯಲ್ಲಿ ಹೇಗೆ ನಿಲ್ಲುವುದು ಅಂತ ಅವಳಿಗೆ ಯೋಚನೆಯಾಯಿತು. ಕುಚ್ಚಲಕ್ಕಿಯ ಗಂಜಿತಿಳಿ ದೊಡ್ಡ ಪಾತ್ರೆಯಲ್ಲಿ ಇತ್ತು. ಪಂಚೆಗೆ ಹಾಕುವ ಹಾಗೆ ಹದಮಾಡಿ ಅದಕ್ಕೆ ಗಂಜಿ ಹಾಕಿ ಹಿಂಡಿ, ಉರಿಬಿಸಿಲಿಗೆ ಹಗ್ಗ ಕಟ್ಟಿ ಒಣಗಿಸಿದಳು.

ಸಂಜೆ ಅಳಿಯ ಬಂದ. ಗೇಟಿನಲ್ಲಿಯೇ ನಿಂತ. ಬಟ್ಟೆ ಹಗ್ಗದ ಮೇಲೆ ತಗಡಿನ ಹಾಗೆ ನಿಂತಿತ್ತು, ಅದರ ಮೇಲೆ ಇರುವೆ ಸಾಲು. ಸೋಪು ಆಗದು, ಬಿಸಿಲು ಆಗದು, ಗಂಜಿಯಂತೂ ಲೋಕದಲ್ಲಿ ಯಾರೂ ಹಾಕಿದ್ದೇ ಇಲ್ಲ ಅಂತ ಅವನು ಮೆಟ್ಟಿಲಿನಲ್ಲಿ ಕೂತು ತಲೆಗೆ ಕೈಯಿಟ್ಟು ಹೇಳಿದ. ಅತ್ತೆಯ ಎದುರು ಸ್ವರ ಏರಿಸುವವನಲ್ಲ. ಆಚೆಮನೆಯವಳು ಹತ್ತಿರ ಬಂದು ಸಮಾಧಾನ ಮಾಡಿದಳು.

"ನೀವು ಈಗಲೇ ಬೇಜಾರು ಮಾಡಬೇಡಿ. ಇಸ್ತ್ರಿ ಹಾಕಲಿಕ್ಕೆ ಇನ್ನೂ ಬಾಕಿ ಉಂಟು."

ನೆರಳು

ಅವನು ದುಬೈಯ ಗೆಳೆಯನಿಗೆ ಫೋನ್ ಮಾಡಿದ. ಆ ಕಡೆಯವನು ಮೊದಲು ಬಹಳ ಹೊತ್ತು ನಕ್ಕನಂತೆ, ಆಮೇಲೆ ಉಪಾಯ ಹೇಳಿದನಂತೆ. ಬರೀ ನೀರಿನಲ್ಲಿ ಮತ್ತೆ ಮತ್ತೆ ಅದ್ದಿ ಗಂಜಿ ಬಿಡಿಸು, ಹಿಂಡಬೇಡ, ನೆರಳಿನಲ್ಲಿ ತೂಗುಹಾಕಿ ಒಣಗಿಸು, ಅಷ್ಟು ಮಾಡಿದರೂ ಬಟ್ಟೆ ಹಾಳಾಗಿದೆಯೋ ಇಲ್ಲವೋ ನೋಡುವವನೇ ನೋಡಿ ಹೇಳಬೇಕು ಅಂತ.

ಅಷ್ಟು ದೊಡ್ಡ ಬಟ್ಟೆಗೆ ನೆರಳು ಎಲ್ಲಿಂದ ತರುವುದು? ನನ್ನ ತಮ್ಮನ ಮಗನಿಗೆ ಬೆಳ್ತಂಗಡಿಯಲ್ಲಿ ಶಾಮಿಯಾನದ ಕೆಲಸ, ಗೋಡೌನಿನ ತಗಡಿನ ಮಾಡು ಎತ್ತರ. ಅಲ್ಲಿಗೆ ಕಳಿಸಿದ್ದು ನಾನೇ. ಎರಡು ಕಂಬಗಳ ನಡುವೆ ಬಟ್ಟೆಯನ್ನು ಇಳಿಬಿಟ್ಟರು, ಹಗ್ಗಗಳು ಕೆಳಗೆ ಜೋತಾಡುತ್ತಿದ್ದವು.

ಆ ಮಧ್ಯಾಹ್ನ ನಾನು ಬೀಡಿ ಕೊಡಲಿಕ್ಕೆ ಕಂಪೆನಿಯ ಬ್ರಾಂಚಿಗೆ ಹೋದಾಗ ಒಬ್ಬಳ ಹತ್ತಿರ ಮಾತ್ರ ಈ ಸಂಗತಿ ಹೇಳಿದ್ದು. ಅದೂ ಯಾರಿಗೂ ಹೇಳಬೇಡ ಅಂತ ಹೇಳಿಯೇ ಹೇಳಿದ್ದು. ಸಂಜೆಯೊಳಗೆ ಮಿಜಾರಿನಿಂದ ಅಳಿಯನ ತಾಯಿಯ ಫೋನು. ಮಗನಿಗೆ ದುಬೈಯ ಕೆಲಸ ಹೋಗಿದೆಯಂತೆ, ಬೆಳ್ತಂಗಡಿಯಲ್ಲಿ ಶಾಮಿಯಾನ ಹಾಕ್ಲಿಕ್ಕೆ ಹೋಗ್ತಾನಂತೆ, ನಮ್ಮ ಹತ್ತಿರ ಯಾಕೆ ಹೇಳಲಿಲ್ಲ ಅಂತ ಅಳು. ಜನರ ಬಾಯಿ ಹೇಗಿರ್ತದೆ ನೋಡಿ.

ಇತ್ತ ಗೋಡೌನಿಗೆ ಮದುವೆಯ ಪಾರ್ಟಿಯವರು ಡೆಕೊರೇಷನ್ ನೋಡಲಿಕ್ಕೆ ಬಂದರು. ಮದುಮಗನ ತಾಯಿಗೆ ಬೇರೆ ಯಾವ ಬಟ್ಟೆಯೂ ಕಣ್ಣಿಗೆ ಹಿಡಿಯಲಿಲ್ಲ. ಆ ನೀಲಿ ಕಿತ್ತಳೆಯದ್ದೇ ಆಗಬೇಕು, ಸ್ಟೇಜಿಗೆ ಆ ಹಗ್ಗ ಸಮೇತ ಆಗಬೇಕು. ನನ್ನ ತಮ್ಮನ ಮಗ, ಅಮ್ಮಾ ಅದು ನಮ್ಮದಲ್ಲ, ವಿಮಾನದಿಂದ ಹಾರುವವರದ್ದು ಅಂತ ಕೈಮುಗಿದು ಹೇಳಿದ.

"ಪರವಾಗಿಲ್ಲ" ಅಂದರಂತೆ ಆಯಮ್ಮ. "ನಮ್ಮ ಮದುಮಗನೂ ವಿಮಾನದಲ್ಲಿಯೇ ಬರುವುದು."

ಮಧ್ಯಸ್ಥಿಕೆ

ಬಟ್ಟೆ ಒಣಗಿ ಬಂತು. ಕೈಯಲ್ಲಿ ಹಿಡಿದರೆ ಮೊದಲಿನ ಹಾಗೆಯೇ ಇತ್ತು. ಅಳಿಯ ಅದನ್ನು ಜಗಲಿಯಲ್ಲಿ ಉದ್ದಕ್ಕೆ ಹಾಸಿ, ಒಂದೊಂದೇ ಹಗ್ಗ ಬೆರಳಿನಲ್ಲಿ ಎಳೆದು ನೋಡಿ, ಮಡಚಿ ಚೀಲಕ್ಕೆ ತುಂಬಿದ. ಆಮೇಲೆ ಶುರುವಾಯಿತು ಗಂಡ ಹೆಂಡಿರ ಜಗಳ.

ನೋಡುವವನು ಇರುವುದು ಮೈಸೂರಿನ ಆಚೆ. ರಜೆ ಮುಗೀತಾ ಬಂತು. ದೊಡ್ಡದನ್ನು ನಾನೇ ನೋಡಿದ್ದೇನೆ, ಮೇಲಿನದಕ್ಕೆ ಸೀಲು ಉಂಟು, ಮತ್ತೆ ನೋಡ್ಲಿಕ್ಕೆ ಎಂತ ಉಂಟು, ಹೀಗೆಯೇ ತೆಗೊಂಡು ಹೋಗ್ತೇನೆ ಅಂದ ಅವನು. ದುಬೈಗೆ ಹೋದ ಮೊದಲ ಶುಕ್ರವಾರವೇ ಗೆಳೆಯರ ಜೊತೆ ಹಾರುವುದು ಅಂತ ಮಾತಾಗಿತ್ತಂತೆ. ಅದನ್ನು ಅವನು ಫೋನಿನಲ್ಲಿ ಮೆಲ್ಲಗೆ ಹೇಳಿದ್ದು. ನಾನು ಅಲ್ಲಿಯೇ ಬಸಳೆ ಕೊಯ್ಯುತ್ತಾ ಇದ್ದೆ, ಅವಳಿಗೆ ತಿಳಿಸಬೇಕಾದ್ದು ನನ್ನ ಕರ್ತವ್ಯ ಅಂತ ತಿಳಿಸಿದೆ.

ಆ ಮೇಲೆ ಮಾತು ಬಂದ್. ಒಂದೇ ಜಗಲಿಯಲ್ಲಿ ಅವನು ಆ ತುದಿಗೆ, ಅವಳು ಈ ತುದಿಗೆ. ನಡುವೆ ನನ್ನನ್ನು ಕೂರಿಸಿ ಮಾತು ದಾಟಿಸಿದರು. ಇಬ್ಬರಿಗೂ ಇಬ್ಬರದ್ದೂ ಕೇಳ್ತದೆ, ಆದರೂ ನಾನು ಹೇಳಿದ ಮೇಲೆಯೇ ಕೇಳಿದ ಹಾಗೆ. ಇಂಥ ಸುಖ ನನಗೆ ಈ ವಯಸ್ಸಿನಲ್ಲಿ ಸಿಕ್ಕಿದ್ದು ಅದೇ ಮೊದಲು. ಬೀಡಿ ಕೆಲಸ ಸಹ ಬಿಟ್ಟು ಕೂತೆ.

"ದೊಡ್ಡಮ್ಮ, ಕಲಿತವನು ಹಾಕಿದ ಸೀಲು ಅದು. ಸೀಲು ಇದ್ದ ಮೇಲೆ ಒಳಗೆ ಇರಬೇಕಾದ್ದು ಇದ್ದೇ ಇರ್ತದೆ ಅಂತ ಹೇಳಿ ಅವಳಿಗೆ" ಅಂದ ಅವನು.

ನಾನು ಈ ಕಡೆ ತಿರುಗಿದೆ.

"ಇವರ ಜಾತಕವೂ ಹಾಗೆಯೇ ಸೀಲು ಹಾಕಿದ ಕವರಿನಲ್ಲಿಯೇ ಬಂದದ್ದು ಅಂತ ಹೇಳಿ ದೊಡ್ಡಮ್ಮ" ಅಂದಳು ಅವಳು.

ಆಯುಧಪೂಜೆ

ಹೊರಡುವ ಮುಂಚಿನ ದಿನವೇ ಆಯುಧಪೂಜೆ. ಆಚೆಮನೆಯ ಅಂಗಳದಲ್ಲಿ ಕತ್ತಿ, ಪಿಕಾಸು, ಮಿಕ್ಸಿ, ಸ್ಕೂಟರು, ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದರು. ಆ ಸಾಲಿನ ಕೊನೆಯಲ್ಲಿ ಪ್ಯಾರಾಚೂಟಿನ ಚೀಲ, ಅದಕ್ಕೊಂದು ಚೆಂಡುಹೂವಿನ ಮಾಲೆ. ಗಂಜಿ ಹಾಕಿದ ಪಶ್ಚಾತ್ತಾಪಕ್ಕೆ ಅತ್ತೆ ಅದಕ್ಕೆ ದೊಡ್ಡ ಮಾಲೆಯನ್ನೇ ಹಾಕಿದ್ದಳು. ಮಗಳು ಮಾತ್ರ ಒಳಗಿನಿಂದ ಹೊರಗೆ ಬಂದಿರಲಿಲ್ಲ. ಮರುದಿನ ಗಂಡ ಇದನ್ನು ಹೊತ್ತು ಹೋಗ್ತಾನೆ, ಶುಕ್ರವಾರ ಹಾರ್ತಾನೆ. ಅವಳ ಕಣ್ಣು ಊದಿದ್ದನ್ನು ನಾನು ಬೆಳಿಗ್ಗೆಯೇ ನೋಡಿದ್ದೆ. ಆ ಸಂಗತಿಯನ್ನು ಬ್ರಾಂಚಿನಲ್ಲಿ ಹೇಳಲಿಲ್ಲ. ಕೆಲವು ನಾನೂ ಹೇಳುವುದಿಲ್ಲ.

ಪೂಜೆ ಮಾಡಿದ್ದು ಆಚೆಮನೆಯವಳ ಅಣ್ಣ. ಸ್ಕೂಟರಿನ ಚಕ್ರದ ಅಡಿಗೆ ಲಿಂಬೆಹಣ್ಣು ಇಟ್ಟು ಮುಂದೆ ಓಡಿಸಿ ಆಯಿತು. ಚೀಲದ ಎದುರು ಬಂದಾಗ ಅವರಿಗೆ ಸಂಶಯ. ಇದಕ್ಕೂ ಲಿಂಬೆಹಣ್ಣು ಆಗಬೇಕು, ಆದರೆ ಚಕ್ರ ಎಲ್ಲಿ? ಸ್ವಲ್ಪ ಹೊತ್ತು ಚರ್ಚೆ ಆಯಿತು. ಇದು ಓಡುವ ವಾಹನವಲ್ಲ, ಹಾರುವ ವಾಹನ. ಹಾಗಾದರೆ ಹಾಕಿಕೊಂಡವನೇ ಲಿಂಬೆಹಣ್ಣಿನ ಮೇಲೆ ಹಾರಬೇಕು ಅಂತ ಅಣ್ಣ ತೀರ್ಮಾನ ಕೊಟ್ಟರು. ಅಳಿಯ ಹಿರಿಯರ ಮಾತು ಮೀರಲಿಕ್ಕೆ ಆಗದೆ ಚೀಲ ಬೆನ್ನಿಗೆ ಹಾಕಿ, ಪಟ್ಟಿ ಬಿಗಿದು, ಜಗಲಿಯ ಮೇಲೆ ನಿಂತ. ಕೆಳಗೆ ಅಂಗಳದಲ್ಲಿ ಲಿಂಬೆಹಣ್ಣು.

ಎಷ್ಟೋ ಸಾವಿರ ಅಡಿ ಮೇಲಿಂದ ಹಾರಿದ ಮನುಷ್ಯ ನಮ್ಮ ಜಗಲಿಯಿಂದ ಹಾರಿದ. ಲಿಂಬೆಹಣ್ಣಿನ ಮೇಲೆಯೇ ಕಾಲಿಟ್ಟ. ಹಣ್ಣು ಒಡೆಯಲಿಲ್ಲ, ಉರುಳಿತು. ಅವನು ಮುಂದಕ್ಕೆ ಮಗುಚಿದ. ಅತ್ತೆ ಎದುರಿಗೇ ಇದ್ದವಳು, ಅಯ್ಯೋ ಅಂತ ಅವನ ಎದೆಗೆ ಕೈಹಾಕಿ ಹಿಡಿದಳು. ಕೈಗೆ ಸಿಕ್ಕಿದ್ದು ಎಡಗಡೆಯ ಪಟ್ಟಿಯಲ್ಲಿದ್ದ ಉಕ್ಕಿನ ಹಿಡಿ. ಅಳಿಯ ಬಿದ್ದ, ಹಿಡಿ ಅತ್ತೆಯ ಕೈಯಲ್ಲಿ ಉಳಿಯಿತು.

ಅದು ಮೇಲಿನ ಅರೆಯ ಹಿಡಿ. ಅರೆಯ ಬಾಯಿ ತೆರೆದದ್ದೇ ತಡ, ಒಳಗಿನಿಂದ ಬಟ್ಟೆ ಸುತ್ತಿದ ಒಂದು ದೊಡ್ಡ ಸ್ಪ್ರಿಂಗು ಕಪ್ಪೆಯ ಹಾಗೆ ಹಾರಿ, ಹಿಂದೆ ಆರತಿ ಹಿಡಿದು ನಿಂತಿದ್ದ ಅಣ್ಣನ ಹೊಟ್ಟೆಗೆ ಹೊಡೆಯಿತು. ಆರತಿ ತಟ್ಟೆ ಒಂದು ಕಡೆ, ಅಣ್ಣ ಒಂದು ಕಡೆ. ಸ್ಪ್ರಿಂಗಿಗೆ ಉದ್ದದ ಒಂದು ಪಟ್ಟಿ. ಪಟ್ಟಿಯ ತುದಿಗೆ ಗಂಟು ಹಾಕಿ ಕಟ್ಟಿದ್ದು ಮೆಲ್ಲನೆ ಜಾರಿ ಹೊರಗೆ ಬಂತು. ಗುಲಾಬಿ ಹೂವಿನ ಚಿತ್ರ, ನಾಲ್ಕು ಮೂಲೆಗೂ ನವಿಲು. ಡಬ್ಬಲ್ ಕಾಟಿನ ಬೆಡ್‌ಶೀಟು.

ಆಚೆಮನೆಯವಳು ಹಿಡಿ ಹಿಡಿದುಕೊಂಡೇ ಕೇಳಿದಳು, "ಅಲ್ಲಿ ಹಾರಿದ ಮೇಲೆ ಮಲಗ್ಲಿಕ್ಕೂ ಉಂಟಾ?"

ಯಾರೂ ನಗಲಿಲ್ಲ. ನೆಲದಲ್ಲಿ ಕೂತಿದ್ದ ಅಳಿಯನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನು ಬೆಡ್‌ಶೀಟನ್ನು ಮುಟ್ಟಿ, "ಶುಕ್ರವಾರ" ಅಂತ ಮಾತ್ರ ಹೇಳಿದ. ಒಳಗಿನಿಂದ ಮಗಳು ಬಂದಳು. ಬೆಡ್‌ಶೀಟು ಎತ್ತಿದಳು, ಅಭ್ಯಾಸಬಲದಿಂದ ಹಿಂದೆ ತಿರುಗಿಸಿ ನೋಡಿದಳು. ಆಮೇಲೆ ಗಂಡನ ಎದುರು ಕೂತು ಅವನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದಳು. ನಾನು, ಏನಾದರೂ ಹೇಳ್ಲಿಕ್ಕುಂಟಾ ಮಗಾ, ಹೇಳ್ತೇನೆ ಅಂತ ಹತ್ತಿರ ಹೋದೆ.

"ಬೇಡ ದೊಡ್ಡಮ್ಮ, ಇನ್ನು ನಾವೇ ಮಾತಾಡ್ತೇವೆ" ಅಂದಳು. ನನ್ನ ಕೆಲಸ ಅಲ್ಲಿಗೆ ಮುಗಿಯಿತು.

ಮಧ್ಯಾಹ್ನವೇ ಚೀಲ, ಬೆಡ್‌ಶೀಟು ತೆಗೊಂಡು ಫರಂಗಿಪೇಟೆಗೆ ಹೋದೆವು. ಹೋದೆವು ಅಂದರೆ ನಾನೂ ಹೋದೆ. ಸಾಹೇಬರು ಆ ನವಿಲು ನೋಡಿದ ಕೂಡಲೇ ಬೆವರಿದರು, ಅದು ಅವರ ಮನೆಯದ್ದೇ. ಅಲ್ಲಾಹನ ಆಣೆ ನನಗೆ ಗೊತ್ತಿಲ್ಲ ಅಂತ ಅಳಿಯನ ಕೈ ಹಿಡಿದರು. ಅದು ಸುಳ್ಳಲ್ಲ ಅಂತ ನನಗೂ ಕಂಡಿತು. ಆಮೇಲೆ ಉಮ್ಮನನ್ನು ಕರೆದರು.

ಉಮ್ಮ ಗಾಬರಿಯಾಗಲಿಲ್ಲ. ಮಗ ಊರಲ್ಲಿ ಇಲ್ಲದಾಗ ಮೊಮ್ಮಗಳು ಆ ಹಿಡಿ ಎಳೆದಳಂತೆ, ಒಳಗಿನದ್ದೆಲ್ಲ ಹೊರಗೆ ಬಂತಂತೆ, ಎಷ್ಟು ತುರುಕಿದರೂ ಆ ಬಟ್ಟೆ ಒಳಗೆ ಹೋಗಲಿಲ್ಲವಂತೆ. ಚೀಲ ಚಪ್ಪಟೆಯಾದರೆ ಮಗ ಬೇಜಾರು ಮಾಡ್ತಾನೆ ಅಂತ, ಹಿಡಿಯುವ ಅಳತೆಯ ಬೆಡ್‌ಶೀಟು ಹಾಕಿ, ತಾನು ಮೇಲೆ ಕೂತು, ಸೊಸೆಯ ಕೈಯಲ್ಲಿ ಚೀಲದ ಬಾಯಿ ಮುಚ್ಚಿಸಿದರಂತೆ. ಹರಿದ ಕೆಂಪು ನೂಲಿಗೆ ಬೇರೆ ಕೆಂಪು ನೂಲು ಪೋಣಿಸಿ ಆ ಸೀಸದ ತುಂಡನ್ನೂ ಇದ್ದಲ್ಲಿಯೇ ಕಟ್ಟಿದರಂತೆ, ವಸ್ತು ಕಳೆಯಬಾರದಲ್ಲ. ಅವತ್ತು ಹೇಳಲಿಕ್ಕೆ ಬಂದದ್ದೂ ಅದನ್ನೇ, ಮಗ ಬಿಡಲಿಲ್ಲ.

"ಹಾಗಾದರೆ ಆ ಬಟ್ಟೆ ಎಲ್ಲಿ, ಉಮ್ಮಾ?" ಸಾಹೇಬರ ಸ್ವರ ಕೀರಲಾಗಿತ್ತು.

ಉಮ್ಮ ಅಂಗಳದ ಮಾವಿನ ಮರವನ್ನು ತೋರಿಸಿದರು. ಉಪ್ಪಿನಕಾಯಿಯ ಮಿಡಿ ನೆಲಕ್ಕೆ ಬಿದ್ದರೆ ಮುಗಿಯಿತು, ಪೆಟ್ಟಾದ ಒಂದು ಮಿಡಿ ಭರಣಿಯನ್ನೇ ಕೆಡಿಸ್ತದೆ. ಇದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಹಾಗಾಗಿ ಮರ ಹತ್ತಿದವನು ಗೆಲ್ಲು ಕೊಂಬೆ ಅಲ್ಲಾಡಿಸುವಾಗ ಮನೆಯವರೆಲ್ಲ ಸೇರಿ ಕೆಳಗೆ ಆ ಬಟ್ಟೆಯನ್ನು ಬಿಡಿಸಿ ಹಿಡಿಯುವುದಂತೆ. ಅಷ್ಟು ಹೇಳಿ ಅವರು ಒಳಗೆ ಹೋಗಿ ಒಂದು ಸಣ್ಣ ಭರಣಿ ಮಿಡಿ ಉಪ್ಪಿನಕಾಯಿ ತಂದು ಬಸುರಿಯ ಕೈಗೆ ಕೊಟ್ಟು, ಅವಳ ಕೆನ್ನೆ ಸವರಿದರು.

"ಇದು ಬಿಡಿಸಿಕೊಂಡರೆ ಮೇಲಿಂದ ಬಿದ್ದದ್ದಕ್ಕೆ ಏನೂ ಆಗುವುದಿಲ್ಲ ಅಂತ ನನ್ನ ಮಗನೇ ಹೇಳಿದ್ದು, ಮೋಳೇ. ಅವನು ಹೇಳಿದ್ದು ಸುಳ್ಳಲ್ಲ. ತಿಂದು ನೋಡು, ಒಂದು ಮಿಡಿಗೂ ಪೆಟ್ಟಾಗಲಿಲ್ಲ."